ಮಾವನ ಪೆಟ್ಟಿಗೆಯ ಕಾರ್ಬ್ಯುರೇಟರ್

ನನ್ನ ಮಾವ ಮಗಳನ್ನು ಕೊಟ್ಟರು, ಪೆಟ್ಟಿಗೆಯ ಬೀಗದ ಕೈ ಮಾತ್ರ ಕೊಡಲಿಲ್ಲ. ಈ ಮಾತು ಹೇಳಿ ನನ್ನ ರಿಪೇರಿ ಗ್ಯಾರೇಜಿನಲ್ಲಿ ಎಷ್ಟೋ ಸಲ ಎಲ್ಲರನ್ನೂ ನಗಿಸಿದ್ದೇನೆ.

ಮಾವ ನೇಯ್ಗೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು. ತಮಗಿಂತ ಎರಡು ವರ್ಷ ಹಿರಿದಾದ ಮೋಟಾರ್‌ಸೈಕಲ್ಲೊಂದನ್ನು ಪ್ರಾಯದಲ್ಲಿ ಕೊಂಡಿದ್ದರು. ತಂದ ವಾರದಲ್ಲೇ ಅದರ ಕಾರ್ಬ್ಯುರೇಟರನ್ನೂ ಕಿಡಿ ಹುಟ್ಟಿಸುವ ಮ್ಯಾಗ್ನೆಟೋವನ್ನೂ ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ತಗಡಿನ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದರು. ಗಾಡಿಗೆ ನಕಲಿ ಭಾಗಗಳನ್ನು ಹಾಕಿ ನಲವತ್ತು ವರ್ಷ ಅದರಲ್ಲೇ ಓಡಾಡಿದರು. ಗಾಡಿಯೋ, ಹತ್ತು ಸಲ ಒದ್ದರೆ ಒಮ್ಮೆ ಕೆಮ್ಮುತ್ತಿತ್ತು.

“ಅಸಲಿ ಹಾಕೋಣ ಮಾವ. ಒಂದೇ ಒದೆಗೆ ಎದ್ದೇಳುತ್ತೆ,” ಎಂದರೆ, “ಅಸಲಿ ಇರೋದು ಒಂದೇ. ಸವೆದ್ರೆ ನಿಮ್ಮಪ್ಪ ಮಾಡ್ಕೊಡ್ತಾನಾ?” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ವರ್ಷ ಅವರ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಕೈಚೆಲ್ಲಿದರು. ಒಂದು ಬೆಳಿಗ್ಗೆ ಮಾವ ನಡೆದುಕೊಂಡೇ ಗ್ಯಾರೇಜಿಗೆ ಬಂದು, ಬೀಗದ ಕೈಯನ್ನು ನನ್ನ ಸ್ಪ್ಯಾನರುಗಳ ಮಧ್ಯೆ ಇಟ್ಟರು.

“ಕೊಂಡ ದಿನ ಅದು ಹೆಂಗೆ ಕೂಗ್ತಿತ್ತೋ, ಆ ಸದ್ದು ಒಂದ್ಸಲ ಕೇಳ್ಬೇಕು. ಭಾನುವಾರದೊಳಗೆ ಹಾಕ್ಬಿಡಪ್ಪ.”

ಅಷ್ಟು ವರ್ಷದ ವಾದ ಗೆದ್ದೆನೆಂದು ನನಗೆ ಒಳಗೊಳಗೇ ಖುಷಿಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಪೆಟ್ಟಿಗೆ ತೆರೆದೆ. ಸುತ್ತಿದ ಬಟ್ಟೆ ಅಚ್ಚುಕಟ್ಟಾಗಿಯೇ ಇತ್ತು. ಕಾರ್ಬ್ಯುರೇಟರಿನ ಮೈತುಂಬ ಕೂದಲೆಳೆಯಂಥ ಬಿರುಕು. ಮುಚ್ಚಳದ ತಿರುಪನ್ನು ಮೆಲ್ಲಗೆ ತಿರುಗಿಸಿದೆ. ಅಂಚು ಬಿಸ್ಕತ್ತಿನಂತೆ ಮುರಿದು ಕೈಗೆ ಬಂತು. ಅದನ್ನು ಎರಕ ಹೊಯ್ದ ಲೋಹ ಕೂತಲ್ಲೇ ಒಳಗಿಂದ ಕೊಳೆತಿತ್ತು. ಮ್ಯಾಗ್ನೆಟೋ ಅಲ್ಲಾಡಲೇ ಇಲ್ಲ. ಅದರ ತಂತಿಯ ಸುರುಳಿಗೆ ಬಳಿದಿದ್ದ ಅರಗು ಕರಗಿ ಹರಿದು ಟಾರಿನಂತೆ ಗಟ್ಟಿಯಾಗಿತ್ತು. ಸುರುಳಿ ಸುತ್ತುವವನ ಬಳಿಗೆ ಒಯ್ದೆ. ಅವನು ಮೂಸಿ ನೋಡಿ, “ಬೇರೆ ತಂತಿ ಸುತ್ತಬಹುದು. ಆಮೇಲೆ ಅಸಲಿ ಅನ್ನೋಕೆ ಏನುಳಿಯುತ್ತೆ? ಬರೀ ಚಿಪ್ಪು. ಕಾರ್ಬ್ಯುರೇಟರಿಗಂತೂ ದೇವರೇ ಗತಿ,” ಎಂದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. “ನಕಲಿಯಲ್ಲೇ ಸ್ಟಾರ್ಟ್ ಮಾಡಿ. ಅಪ್ಪಂಗೆ ಎಲ್ಲಿ ಗೊತ್ತಾಗುತ್ತೆ? ಕಿವಿನೂ ಮಂದ ಆಗಿದೆ,” ಎಂದಳು.

ಭಾನುವಾರ ಮಾವ ಕ್ಷೌರ ಮಾಡಿಸಿಕೊಂಡು, ಬೂಟು ಹಾಕಿಕೊಂಡು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನಾನು ನಕಲಿಗಳನ್ನೇ ಉಜ್ಜಿ ಕೂರಿಸಿದ್ದೆ. ಹಾಳಾದ್ದು, ಎಂದೂ ಇಲ್ಲದ್ದು ಅವತ್ತು ಒಂದೇ ಒದೆಗೆ ಎದ್ದಿತು! ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನಿಲ್ಲಿಸುವಂತೆ ಕೈಯೆತ್ತಿದರು.

“ಇದು ದಿನಾ ಕೇಳೋ ಸದ್ದು ಕಣಯ್ಯಾ. ನಿಜ ಹೇಳು.”

ಮುರಿದ ಚೂರುಗಳನ್ನು ತಂದು ಅವರ ಅಂಗೈಗೆ ಹಾಕಿದೆ. ಬೆರಳಿನಿಂದ ಒತ್ತಿದರು, ಬೂದು ಬಣ್ಣದ ಪುಡಿ ಉದುರಿತು.

“ಅವತ್ತೇ ಬಳಸಿದ್ರೆ?”

ಸುಳ್ಳು ಹೇಳಬಹುದಿತ್ತು. ಮೆಕ್ಯಾನಿಕ್ಕನ ಬಾಯಿ ಸುಮ್ಮನಿರಲಿಲ್ಲ. “ಹದಿನೈದು ಇಪ್ಪತ್ತು ವರ್ಷ ಚೆನ್ನಾಗಿ ಓಡ್ತಿತ್ತು ಮಾವ. ಆಮೇಲೆ ಹೆಂಗೂ ಹೋಗ್ತಿತ್ತು.”

“ಅಂದ್ರೆ ಇಟ್ರೂ ಉಳೀಲಿಲ್ಲ, ಓಡ್ಸಿದ್ರೂ ಉಳೀತಿರ್ಲಿಲ್ಲ,” ಎಂದರು. ಬೆರಳಿನ ಪುಡಿ ಒರೆಸಿಕೊಂಡು, “ಓಡ್ಸಿದ ಸುಖನಾದ್ರೂ ಇರ್ತಿತ್ತು,” ಎಂದರು.

ಅದೇ ಅವರ ಕೊನೆಯ ಮಾತು. ಆಮೇಲೆ ಹನ್ನೊಂದು ದಿನ ಬದುಕಿದ್ದರು. ಗಂಟು ಧ್ವನಿಯನ್ನು ಕಟ್ಟಿಹಾಕಿದೆ ಎಂದು ಡಾಕ್ಟರು ಹೇಳಿದರೂ ಹೆಂಡತಿ ಒಪ್ಪಲಿಲ್ಲ.

“ನಿಮ್ಮ ಸತ್ಯ ಯಾರಿಗೆ ಬೇಕಿತ್ತು?” ಎಂದು ಒಮ್ಮೆ ಕೇಳಿದಳು. ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು.

ಮಾವ ಹೋದ ಮೇಲೆ ಹಳೆಯ ಗಾಡಿಗಳನ್ನು ಸಂಗ್ರಹಿಸುವವರೊಬ್ಬರು ಕೊಳ್ಳಲು ಬಂದು ಮಂಡಿಯೂರಿ ಇಂಜಿನ್ನು ನೋಡಿದರು. ಅಸಲಿ ಭಾಗಗಳೆಲ್ಲಿ ಎಂದು ಕೇಳಿದರು. ತೋರಿಸಿದೆ. ಪ್ಯಾಂಟಿನ ಧೂಳು ಕೊಡವಿಕೊಂಡು ಹೊರಟುಹೋದರು.

ಗಾಡಿ ಈಗ ಗ್ಯಾರೇಜಿನ ಮೂಲೆಯಲ್ಲಿದೆ. ಎರಡು ಟೈರೂ ನೆಲಕ್ಕಂಟಿವೆ. ಬಂದ ಗಿರಾಕಿಗಳು ಅದರ ಹ್ಯಾಂಡಲ್ಲಿಗೆ ಹೆಲ್ಮೆಟ್ಟು ತೂಗುಹಾಕುತ್ತಾರೆ. ಬೇಡ ಎನ್ನಲು ನನಗೆ ಬಾಯಿಯೇ ಬರುವುದಿಲ್ಲ.