ಮುಚ್ಚಿದ ಕಿಟಕಿಯ ರೈಲು

"ಈ ಕಿಟಕಿ ತೆಗೆಯೋಕಾಗಲ್ವೇನೇ?" ಬುವಾಖಾಮ್ ಅಜ್ಜಿ ಗಾಜಿನ ಅಂಚನ್ನೆಲ್ಲ ತಡವಿ ನೋಡಿದಳು. ರೈಲು ಆಗಲೇ ವಿಯೆಂಟಿಯಾನ್ ಬಿಟ್ಟಿತ್ತು.

ಆಗಲ್ಲವೆಂದು ಮಗಳು ವಿಲಾಯ್ ಹೇಳಿದಾಗ ಅಜ್ಜಿ ಮತ್ತೊಮ್ಮೆ ಗಾಜನ್ನು ತಳ್ಳಿ ನೋಡಿದಳು. ಮನುಷ್ಯರ ಮೈಯಲ್ಲಿ ಮೂವತ್ತೆರಡು ಖ್ವಾನ್‌ಗಳಿರುತ್ತವೆ. ಮೈ ಕಾಯುವ ಪುಕ್ಕಲು ಆತ್ಮಗಳು, ಬೆಚ್ಚಿದರೆ ಎಲ್ಲೆಂದರಲ್ಲಿ ಉಳಿದುಬಿಡುತ್ತವೆ, ಮೈ ಸೊರಗುತ್ತದೆ. ಬಸ್ಸಾದರೆ ಹಿಂದೆ ಓಡಿಬಂದು ಕಿಟಕಿಯಿಂದ ನುಸುಳಿಯಾವು. ಈ ಡಬ್ಬಿಯೊಳಗೆ ಹೇಗೆ ಬರಬೇಕು? ಲುವಾಂಗ್ ಪ್ರಬಾಂಗಿನಲ್ಲಿ ವಿಲಾಯ್‌ಳ ಮಗಳು ಹೆತ್ತ ಕೂಸು ಮೊಲೆ ಕಚ್ಚುತ್ತಿರಲಿಲ್ಲ. ಅದರ ಖ್ವಾನ್‌ಗಳನ್ನು ಕರೆದು ಮಣಿಕಟ್ಟಿಗೆ ಬಿಳಿ ದಾರ ಕಟ್ಟಬೇಕಾದವಳು ಅಜ್ಜಿಯೇ. ತನ್ನವೇ ದಾರಿಯಲ್ಲಿ ಚೆಲ್ಲಿಹೋದರೆ ಕೂಸಿನವನ್ನು ಯಾವ ಬಾಯಲ್ಲಿ ಕರೆಯುವುದು?

ಅವಳಪ್ಪ ದಕ್ಷಿಣದಲ್ಲಿ ನದಿಯ ನಡುವಿನ ದ್ವೀಪದಲ್ಲಿ ಫ್ರೆಂಚರ ಪುಟ್ಟ ರೈಲಿಗೆ ಸೌದೆ ಒಟ್ಟುತ್ತಿದ್ದವನು. ನಡುದಾರಿಯಲ್ಲಿ ಇಳಿದು ಮಾವಿನಕಾಯಿ ಕಿತ್ತು ಮತ್ತೆ ಹತ್ತುತ್ತಿದ್ದನಂತೆ. ಅದು ನಿಂತಮೇಲೆ ಊರವರು ಹಳಿ ಕಿತ್ತು ಬೇಲಿಗೆ ನೆಟ್ಟರು.

"ಅಪ್ಪನ ಖ್ವಾನ್ ಯಾವತ್ತೂ ಹಿಂದೆ ಬೀಳ್ಲಿಲ್ಲ ಕಣೇ."

"ಬಿದ್ದಿದ್ರೂ ಮಾವಿನಕಾಯಿ ತಿನ್ಕೊಂಡು ನಿಧಾನಕ್ಕೆ ಬಂದಿರೋವು ಬಿಡವ್ವಾ," ಎಂದು ವಿಲಾಯ್ ರೇಗಿಸಿದಳು.

ಅಷ್ಟರಲ್ಲಿ ಬೆಟ್ಟ ಎದುರಾಯಿತು. ರೈಲು ಅದನ್ನು ಬಳಸಲಿಲ್ಲ, ಹತ್ತಲಿಲ್ಲ, ನೆಟ್ಟಗೆ ಒಳಗೇ ನುಗ್ಗಿತು. ಕತ್ತಲು. ಆಮೇಲೆ ಬೆಳಕು, ಅಂಗೈಯಗಲ ಗದ್ದೆ, ಪಾತಾಳದಲ್ಲೊಂದು ಹೊಳೆ, ಮತ್ತೆ ಕತ್ತಲು. ಗಂಡನ ಜೊತೆ ದಿನಗಟ್ಟಲೆ ನಡೆದು ಸುತ್ತಿದ ಬೆಟ್ಟಗಳೆಲ್ಲ ಇವೇ. ಅಜ್ಜಿ ಭಯವನ್ನೂ ಮರೆತು ಬಾಯಿ ತೆರೆದು ನೋಡಿದಳು. ಇದನ್ನು ಕಾಣಲು ಅಪ್ಪ ಇರಬೇಕಿತ್ತು ಅನ್ನಿಸಿ ಕಣ್ಣು ತುಂಬಿತು.

ಲುವಾಂಗ್ ಪ್ರಬಾಂಗಿನಲ್ಲಿ ಇಳಿದವಳು ಮುಂದೆ ಹೆಜ್ಜೆ ಇಡಲೊಲ್ಲಳು. ಬಂದ ದಾರಿಗೆ ಮುಖಮಾಡಿ ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಳು.

"ಬನ್ನಿ ಖ್ವಾನೇ, ಬನ್ನಿ. ಸುರಂಗದಲ್ಲಿ ಹೆದರ್ಕೊಂಡು ಕೂತ್ಕೋಬೇಡಿ. ಕೂಸು ಕಾಯ್ತಾ ಇದೆ."

ರೈಲಿನ ಬಾಗಿಲಲ್ಲಿದ್ದ ಸಮವಸ್ತ್ರದ ಹುಡುಗಿ ಅವಳನ್ನು ಎಬ್ಬಿಸಲು ಬಂದಳು. ವಿಲಾಯ್ ನಾಚಿಕೊಂಡು ಏನೋ ಸಮಜಾಯಿಷಿ ಹೇಳತೊಡಗಿದಳು. ಹುಡುಗಿ ಅದನ್ನು ಕೇಳಿಸಿಕೊಳ್ಳದೆ ಅಜ್ಜಿಯ ಪಕ್ಕ ಮಂಡಿಯೂರಿದಳು.

"ಅಜ್ಜೀ, ನಾನು ದಿನಾ ಇದರಲ್ಲೇ ಹೋಗ್ತೀನಿ, ಬರ್ತೀನಿ. ನನ್ನ ಖ್ವಾನ್‌ಗಳನ್ನ ಯಾರೂ ಕರ್ದೇ ಇಲ್ಲ."

ಅಜ್ಜಿ ಅವಳ ಮುಖ ನೋಡಿದಳು. ಕೂಸಿಗೆಂದು ತಂದ ದಾರದಿಂದ ಒಂದೆಳೆ ಹರಿದು, ಕರೆಯುತ್ತಲೇ ಅವಳ ಮಣಿಕಟ್ಟಿಗೆ ಸುತ್ತಿದಳು. ಈ ಸಲ ದನಿ ಗಟ್ಟಿಯಾಗಿ ಬಂತು.

"ಬಂದ್ವು, ನಿನ್ನವೂ ನನ್ನವೂ," ಎಂದು ಎದ್ದಳು. "ನಡಿಯೇ ವಿಲಾಯ್, ಕೂಸಿನ ಹತ್ರ."

ರೈಲು ಉತ್ತರಕ್ಕೆ ಹೊರಟಿತು. ಮುಚ್ಚಿದ ಕಿಟಕಿಯೊಂದರ ಗಾಜಿಗೆ ಒಳಗಿನಿಂದ ಒಂದು ಅಂಗೈ ಒತ್ತಿಕೊಂಡಿತ್ತು, ಅದರ ಕೆಳಗೆ ಬಿಳಿ ದಾರ.