ಅಜ್ಜಿ ಹೇಳದ ಮಾತು

ಸೋಸುವ ಬಟ್ಟೆಯ ಮೇಲೆ ಸುರಿದ ಜೇನು ಇನ್ನೂ ಅರ್ಧವೂ ಇಳಿದಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ಅಂಟುಗೈಯಾದ್ದರಿಂದ ಸೊಸೆ ಮೊಣಕೈಯಿಂದಲೇ ಚಿಲಕ ಸರಿಸಿದಳು. ಅಂಗಡಿಯವನು ಖಾಲಿ ಬಾಟಲಿಗಳ ಪೆಟ್ಟಿಗೆ ಹೊತ್ತು ನಿಂತಿದ್ದ.

“ನಾಳೆ ಬರ್ತೀನಿ ಅಂದಿದ್ರಿ?”

“ಗಿರಾಕಿಗಳು ಬಿಡಬೇಕಲ್ಲಮ್ಮ! ಅಜ್ಜಿ ಆ ಒಂದ್ಮಾತು ಹೇಳಿಬಿಟ್ರೆ ತುಂಬಿಸ್ಕೊಂಡು ಹೋಗ್ತೀನಿ.”

ಆ ಮಾತು ‘ಶುದ್ಧ’. ಮನೆಯೊಳಗೆ ಅಜ್ಜಿ ಅದನ್ನು ಧಾರಾಳವಾಗಿಯೇ ಬಳಸುತ್ತಿದ್ದಳು. ಮೊಮ್ಮಗಳು ಶುದ್ಧ ತರಲೆ, ಅಂಗಡಿಯವನ ‘ನಾಳೆ’ ಶುದ್ಧ ಸುಳ್ಳು. ಜೇನಿನ ವಿಷಯಕ್ಕೆ ಬಂದರೆ ಮಾತ್ರ ಬಲು ಬಿಗಿ. ಪ್ರತಿ ಪಾತ್ರೆಯಿಂದ ಒಂದು ಚಮಚ ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ಹೂವು ಯಾವುದೆಂದು ಹೇಳಿ, ಆಮೇಲೆ ಆ ಮಾತು. ಒಮ್ಮೆ ಹೂವಿಲ್ಲದ ಕಾಲದಲ್ಲಿ ಜೇನುಹುಳುಗಳಿಗೆ ಕುಡಿಸಿದ್ದ ಸಕ್ಕರೆ ನೀರಿನ ರುಚಿ ತಗುಲಿತೆಂದು ಇಡೀ ಡಬ್ಬವನ್ನು ಹುಳುಗಳಿಗೇ ವಾಪಸ್ಸು ಉಣಿಸಿದವಳು.

ಜ್ವರದಿಂದೆದ್ದ ಅಜ್ಜಿ ಗೋಡೆ ಹಿಡಿದು ಬಂದು ಕುಳಿತಳು. ಈ ಸಲ ಗೂಡುಗಳನ್ನು ಸೊಸೆಯೊಬ್ಬಳೇ ನೋಡಿಕೊಂಡಿದ್ದಳು. ಚಮಚ ಕೊಟ್ಟು ಅತ್ತೆಯ ಮುಖವನ್ನೇ ನೋಡುತ್ತ ನಿಂತಳು.

ಅಜ್ಜಿ ಕಣ್ಣು ಮುಚ್ಚಿದಳು, ತೆರೆದಳು. ಇನ್ನೊಂದು ಚಮಚ ಕೇಳಿದಳು.

“ಇವತ್ತು ಹೇಳಕ್ಕಾಗಲ್ಲಪ್ಪ.”

ಅಂಗಡಿಯವನು ಸೊಸೆಯತ್ತ ತಿರುಗಿದ. “ಏನಾದ್ರೂ ಬೆರೆತಿದ್ಯಾ?”

“ಅತ್ತೆ, ಒಂದು ತೊಟ್ಟೂ ಏನೂ ಬೆರೆಸಿಲ್ಲ!”

“ಗೊತ್ತು ಕಣೇ. ನಿನ್ನ ಕೈ ನಂಗೊತ್ತಿಲ್ವಾ?”

“ಹಾಗಾದ್ರೆ ಹೇಳಿಬಿಡಿ ಅಜ್ಜಿ, ನಿಮ್ಮ ಗಂಟೇನು ಹೋಗುತ್ತೆ?”

“ಸೊಸೇನ ನಂಬೋದು ಬೇರೆ, ಜೇನು ನೋಡಿ ಹೇಳೋದು ಬೇರೆ. ಅಂದಾಜಿಗೆ ಹೇಳಿದ್ರೆ ಇಷ್ಟು ವರ್ಷ ಹೇಳಿದ್ದೂ ಅಂದಾಜೇ ಆಗ್ಬಿಡುತ್ತೆ.”

ಅಂಗಡಿಯವನು ಬಾಟಲಿಗಳ ಪೆಟ್ಟಿಗೆಯನ್ನು ಮತ್ತೆ ಹೆಗಲಿಗೇರಿಸಿದ. ಸೊಸೆ ಅವನನ್ನು ತಡೆಯಲಿಲ್ಲ. ಅತ್ತೆಯ ಪಕ್ಕದಲ್ಲಿ ಕುಳಿತು, ಚಮಚ ಹಿಡಿದ ಅವಳ ಬೆರಳುಗಳ ಮೇಲೆ ತನ್ನ ಅಂಟುಗೈ ಇಟ್ಟಳು.

ಅಜ್ಜಿಯ ಮೊಣಕಾಲಿಗೆ ಒರಗಿದ್ದ ಮೊಮ್ಮಗಳು ಒಮ್ಮೆ ಇವರನ್ನು, ಒಮ್ಮೆ ಬಾಗಿಲನ್ನು ನೋಡಿದಳು. ಬಾಯಿ ಬಿಟ್ಟರೆ ಬೆನ್ನಿಗೆ ಗುದ್ದು ಖಂಡಿತ. ಆದರೂ ಬಾಯಿ ಬಿಟ್ಟಳು.

“ಅಜ್ಜೀ, ಮೊನ್ನೆ ನಿನ್ನ ಟೀಗೆ ನಾನು ಬೇಕಂತ್ಲೇ ಉಪ್ಪು ಹಾಕಿದ್ದೆ. ನೀನು ಪೂರ್ತಿ ಕುಡಿದ್ಬಿಟ್ಟೆ. ನಿಂಗೆ ರುಚೀನೇ ಗೊತ್ತಾಗ್ತಿಲ್ವಾ?”