ನಾಲ್ಕು ಬೆರಳಿನ ಮಡಿಕೆ

ಮ್ಯಾಟಿಗೆ ಗೂಟ ಹೊಡೆಯುವ ಕೆಲಸವನ್ನು ಮಕಬೂಲಸಾಬರು ನಲವತ್ತು ವರ್ಷಗಳಲ್ಲಿ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಧಾರವಾಡದಲ್ಲಿ, ಸಪ್ತಾಪುರದ ಆಚೆಗಿದ್ದ ಅವರ ಕ್ಲಬ್ಬಿನ ಮೈದಾನಕ್ಕೆ ಹುಲ್ಲಿನ ಪಿಚ್ಚಿನ ಭಾಗ್ಯ ಬರಲಿಲ್ಲ. ಗರಸು ಮಣ್ಣು ಹಾಕಿ, ರೋಲರ್ ಎಳೆದು ಗಟ್ಟಿ ಮಾಡಿದ ನೆಲ. ಅದರ ಮೇಲೆ ತೆಂಗಿನ ನಾರಿನ ಮ್ಯಾಟ್. ಮ್ಯಾಟಿನ ಸುತ್ತ ಕಬ್ಬಿಣದ ಗೂಟ. ಬೆಳಗಿನ ನಮಾಜು ಮುಗಿಸಿ ಬಂದವರೇ ಸುತ್ತಿಗೆ ಹಿಡಿಯುತ್ತಿದ್ದರು. ಮ್ಯಾಟನ್ನು ಎಳೆದು ಬಿಗಿಯಾಗಿ ಬಡಿದರೆ ಚೆಂಡು ನೆಟ್ಟಗೆ ಬಂದು ಎದೆಮಟ್ಟ ಏಳುತ್ತದೆ. ಸಡಿಲ ಬಿಟ್ಟರೆ ನಾರು ಚೆಂಡನ್ನು ಕಚ್ಚುತ್ತದೆ. ಬೆರಳಲ್ಲಿ ಕಸುವಿಲ್ಲದವನು ಹಾಕಿದ ಚೆಂಡೂ ಮೊಳದುದ್ದ ಹೊರಳುತ್ತದೆ. ಇದನ್ನು ಬಲ್ಲವರಾದ್ದರಿಂದಲೇ ಅವರು ಯಾವತ್ತೂ ಬಿಗಿಯಾಗಿ ಬಡಿಯುತ್ತಿದ್ದರು. ಸುಳ್ಳು ನೆಲದ ಮೇಲೆ ಕಲಿತವನು ಖರೇ ನೆಲದ ಮೇಲೆ ಅಳಬೇಕಾಗುತ್ತದೆಂದು ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದರು.

ಮ್ಯಾಟು ಹಳತಾದಂತೆ ಹಿಗ್ಗುತ್ತದೆ. ಹಿಗ್ಗಿದ್ದನ್ನು ಕುಗ್ಗಿಸುವುದು ಅವರ ಹೆಂಡತಿ ಶಹಜಹಾನಬೇಗಂಳ ಕೆಲಸವಾಗಿತ್ತು. ಸ್ಟಂಪಿನ ಹಿಂದಿನ ತುದಿಯನ್ನು ನಾಲ್ಕು ಬೆರಳಿನಷ್ಟು ಒಳಗೆ ಮಡಚಿ, ದಬ್ಬಣದಿಂದ ಹುರಿ ಎಳೆದು, ಆಕೆ ಹೊಲಿದು ಕೊಡುತ್ತಿದ್ದಳು. ಆ ಮಡಿಕೆ ಇದ್ದದ್ದರಿಂದಲೇ ಮ್ಯಾಟು ಡೋಲಿನ ಚರ್ಮದ ಹಾಗೆ ಬಿಗಿಯಾಗಿ ಕೂರುತ್ತಿತ್ತು. ಹೊಲಿಯುವಾಗ ಬಿಸ್ಮಿಲ್ಲಾ ಎಂದು ಮೊದಲ ಹೊಲಿಗೆ ಹಾಕುವಳು. ಆಟಕ್ಕೂ ದೇವರ ಹೆಸರೇ ಎಂದು ಮಕಬೂಲಸಾಬರು ನಕ್ಕರೆ, ಮಂದಿಯ ಮಕ್ಕಳು ಇದರ ಮೇಲೆ ನಿಲ್ಲುವುದಿಲ್ಲವೇ ಎಂದು ಕೇಳುವಳು.

ಹಾಗೆ ನಿಂತವರಲ್ಲಿ ಒಬ್ಬ ಶಿವಯೋಗೀಶ. ಹುಬ್ಬಳ್ಳಿಯ ಬೆಂಗೇರಿಯಿಂದ ಹದಿನೈದನೆಯ ವಯಸ್ಸಿಗೆ ಬಂದವನು. ಕೊರಳಿನ ಲಿಂಗವನ್ನು ಅಂಗಿಯೊಳಗೆ ಸರಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ಬ್ಯಾಟು ಹಿಡಿಯುತ್ತಿದ್ದ. ಬಿಗಿ ಮ್ಯಾಟಿನ ಮೇಲೆ ಎದ್ದು ಬರುವ ಚೆಂಡನ್ನು ಹಿಂಗಾಲ ಮೇಲೆ ನಿಂತು ಮೆತ್ತಗೆ ಕೆಳಗಿಳಿಸುವುದನ್ನು ಅವನು ಕಲಿತ ರೀತಿ ನೋಡಿ, ಮಕಬೂಲಸಾಬರು ಹೆಂಡತಿಯ ಮುಂದೆ ಹೇಳಿದ್ದರು: ಈ ಹುಡುಗ ಹೊರದೇಶದಲ್ಲಿ ಆಡಲು ಹುಟ್ಟಿದವನು. ಮುಂದೆ ಅವನು ರಾಜ್ಯದ ತಂಡದಲ್ಲಿ ಮೂರನೆಯ ಕ್ರಮಾಂಕದಲ್ಲಿ ನಿಂತು ನೂರರ ಮೇಲೆ ನೂರು ಹೊಡೆದ. ವರ್ಷಗಳು ಹೋದವು. ದೇಶದ ತಂಡದಿಂದ ಮಾತ್ರ ಕರೆ ಬರಲಿಲ್ಲ.

ಹೋದ ವರ್ಷದ ಮೇ ತಿಂಗಳಲ್ಲಿ ಇಂಗ್ಲೆಂಡಿನ ಟೆಸ್ಟ್ ಪ್ರವಾಸಕ್ಕೆ ತಂಡ ಆರಿಸುವುದಿತ್ತು. ಕ್ಲಬ್ಬಿನ ಕಟ್ಟೆಯ ಮೇಲೆ ಅದೇ ಮಾತು. ಸ್ಕೋರು ಬರೆಯುವ ಗಿರಿಯಪ್ಪನಿಗೆ ಪತ್ರಿಕೆಗಳೆಲ್ಲ ಬಾಯಿಪಾಠ. ಬ್ಯಾಟ್ಸ್‌ಮನ್ನರ ಜಾಗಗಳು ತುಂಬಿವೆ, ವೇಗದವರು ನಾಲ್ವರು ಸಿದ್ಧರಿದ್ದಾರೆ, ಅಲ್ಲಿ ನಾಲ್ಕೇ ಬೌಲರುಗಳಿಂದ ಇಪ್ಪತ್ತು ವಿಕೆಟ್ ಬೀಳುವುದಿಲ್ಲ, ಐದನೆಯವನನ್ನು ಹಾಕಿಕೊಂಡರೆ ಬ್ಯಾಟಿಂಗ್ ತೆಳ್ಳಗಾಗುತ್ತದೆ; ಆದ್ದರಿಂದ ಎರಡೂ ಬಲ್ಲವನೊಬ್ಬ ಬೇಕಾಗಿದ್ದಾನೆ ಎಂದು ಅವನು ದಿನವೂ ಲೆಕ್ಕ ಒಪ್ಪಿಸುತ್ತಿದ್ದ. "ನಿಮ್ಮ ಶಿವಯೋಗೀಶಗ ಒಂದ ಕೈಯಾಗ ಬ್ಯಾಟು, ಇನ್ನೊಂದು ಕೈ ಖಾಲಿ ಐತಿ. ಖಾಲಿ ಕೈಯವರನ್ನ ಇಮಾನದಾಗ ಹತ್ತಸೂದಿಲ್ಲರಿ ಈಗ," ಎಂದು ಒಮ್ಮೆ ಚುಚ್ಚಿದ. ಆ ಮಾತು ಮಕಬೂಲಸಾಬರ ಎದೆಯಲ್ಲಿ ನೆಟ್ಟಿತು. ಶಿವಯೋಗೀಶ ಆಗೀಗ ಆಫ್ ಸ್ಪಿನ್ ಹಾಕುತ್ತಿದ್ದದ್ದು ನಿಜ. ಊಟದ ಮುಂಚಿನ ಎರಡು ಓವರು ಕಳೆಯಲಿಕ್ಕೆ ನಾಯಕರು ಕೊಡುವ ಕೆಲಸ ಅದು.

ಆ ವಾರ ಆಯ್ಕೆ ಸಮಿತಿಯ ಶಶಿಕುಮಾರ ಹುಬ್ಬಳ್ಳಿಗೆ ಬಂದರು. ಮೈಸೂರು ಕಡೆಯವರು, ಹಿಂದೆ ವೇಗದ ಬೌಲರು. ಅಡ್ಡಮಳೆ ಮೂರು ದಿನ ಹೊಡೆದು ಹುಬ್ಬಳ್ಳಿಯ ಹುಲ್ಲಿನ ಮೈದಾನ ಕೆರೆಯಾಯಿತು. ನಾಲ್ಕನೆಯ ದಿನ ಒಣಗಿದ್ದ ಜಾಗವೆಂದರೆ ಮಕಬೂಲಸಾಬರ ಗರಸಿನ ನೆಲವೊಂದೇ. ಶಿವಯೋಗೀಶನನ್ನು ಅಲ್ಲಿಯೇ ನೋಡುತ್ತೇನೆಂದು ಹೇಳಿ ಕಳಿಸಿದರು.

ಆ ಬೆಳಗ್ಗೆ ಮಕಬೂಲಸಾಬರು ಸುತ್ತಿಗೆಗಿಂತ ಮೊದಲು ಚಾಕು ಹಿಡಿದರು. ಬೇಗಂ ಹೊಲಿದ ಮಡಿಕೆಯ ಹುರಿಯನ್ನು ಒಂದೊಂದಾಗಿ ಕೊಯ್ದರು. ನಾಲ್ಕು ಬೆರಳಿನ ಮ್ಯಾಟು ಹೊರಗೆ ಬಂತು. ಅಡಿಯ ಗರಸಿಗೆ ಒಂದು ಕೊಡ ನೀರು ಚಿಮುಕಿಸಿ, ಗೂಟಗಳನ್ನು ಮೇಲೆ ಮೇಲೆ ಬಡಿದರು. ನೋಡುವ ಕಣ್ಣಿಗೆ ಏನೂ ತಿಳಿಯುವಂತಿರಲಿಲ್ಲ.

ಶಿವಯೋಗೀಶ ಒಂದು ತಾಸು ಬ್ಯಾಟು ಮಾಡಿದ. ಶಶಿಕುಮಾರ ತಲೆದೂಗಿ ಪುಸ್ತಕ ಮುಚ್ಚುವುದರಲ್ಲಿದ್ದರು. ಆಗ ಮಕಬೂಲಸಾಬರೇ ಚೆಂಡನ್ನು ಒಯ್ದು ಅವನ ಕೈಯಲ್ಲಿಟ್ಟು, ಇವನು ಬೌಲಿಂಗೂ ಮಾಡುತ್ತಾನೆ ನೋಡಿ ಎಂದರು. ಮೊದಲ ಚೆಂಡೇ ಹೊರಗಿನಿಂದ ಒಳಗೆ ಹೊರಳಿ ಲೆಗ್ ಸ್ಟಂಪು ಕೆಡವಿತು. ಆರು ಓವರು ಹಾಗೆಯೇ ನಡೆಯಿತು. ಶಶಿಕುಮಾರ ಪುಸ್ತಕ ಮತ್ತೆ ತೆರೆದು ಬಹಳ ಹೊತ್ತು ಬರೆದರು. ಹತ್ತು ದಿನಕ್ಕೆ ತಂಡ ಪ್ರಕಟವಾಯಿತು. ಶಿವಯೋಗೀಶನ ಹೆಸರಿನ ಮುಂದೆ ಆಲ್‌ರೌಂಡರ್ ಎಂದಿತ್ತು. ಬೆಂಗೇರಿಯಲ್ಲಿ ಪಟಾಕಿ ಹಾರಿತು. ಅವನ ತಾಯಿ ಚನ್ನಬಸವ್ವ ಡಬ್ಬಿ ತುಂಬ ಪೇಡೆ ಕಳಿಸಿದಳು.

ಆ ಪೇಡೆಯನ್ನು ಬೇಗಂ ಬಾಯಿಗೆ ಹಾಕಲಿಲ್ಲ. ಆಗಲೇ ಆಕೆಯ ಮೂತ್ರಪಿಂಡ ಕೆಟ್ಟು ಕಾಲು ಬಾತಿದ್ದವು. ಆದರೂ ಕೋಣೆಯಲ್ಲಿ ಸುತ್ತಿಟ್ಟಿದ್ದ ಮ್ಯಾಟನ್ನು ನೋಡಿದ್ದಳು. ಹರಿದದ್ದೋ ಕೊಯ್ದದ್ದೋ ಎಂದು ಹೊಲಿಯುವವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಬಯ್ಯಲಿಲ್ಲ. ಬಾತ ಕಾಲು ಚಾಚಿ ಕುಳಿತು ಎರಡು ದಿನ ಆ ಮಡಿಕೆಯನ್ನು ಮತ್ತೆ ಹೊಲಿದಳು. ಮುಗಿಸಿ ದಬ್ಬಣವನ್ನು ಗಂಡನ ಕೈಗೆ ಕೊಟ್ಟು, ಆ ಹುಡುಗನಿಗೆ ಒಮ್ಮೆ ಹೇಳಿಬಿಡಿ, ಹೇಳದೆ ಹೊತ್ತುಕೊಂಡು ಹೋಗಬೇಡಿ ಎಂದಳು. ಅದೇ ಆಕೆಯ ಕೊನೆಯ ಹೊಲಿಗೆ.

ಇಂಗ್ಲೆಂಡಿನ ಎರಡನೆಯ ಟೆಸ್ಟಿನಲ್ಲಿ ಶಿವಯೋಗೀಶನನ್ನು ಆಡಿಸಿದರು. ಏಳನೆಯವನಾಗಿ ಹೋಗಿ, ಜೊತೆಗೆ ನಿಲ್ಲುವವರಿಲ್ಲದೆ ಮೂವತ್ತೆಂಟಕ್ಕೆ ಔಟಾಗದೆ ಉಳಿದ. ಬೌಲಿಂಗು ಇಪ್ಪತ್ತೇಳು ಓವರು, ನೂರ ಇಪ್ಪತ್ತೊಂದು ರನ್ನು ಕೊಟ್ಟ, ವಿಕೆಟ್ಟಿಲ್ಲ. ಅವನ ಚೆಂಡು ಹಳಿಯ ಮೇಲಿನ ರೈಲಿನಂತೆ ನೇರ ಹೋಯಿತು. ಇವನನ್ನು ಬೌಲರೆಂದು ಕರೆತಂದವರು ಯಾರು ಎಂದು ಟಿವಿಯಲ್ಲಿ ಮಾತಾಡುವವರು ನಕ್ಕರು. ಮಕಬೂಲಸಾಬರು ಟಿವಿ ಆರಿಸಿದರು. ಮಗ್ಗುಲ ಹಾಸಿಗೆಯಲ್ಲಿದ್ದ ಬೇಗಂ ಅವರ ಮುಖ ನೋಡಿದಳು. ಮುಂದಿನ ಟೆಸ್ಟಿಗೆ ಅವನನ್ನು ಕೈಬಿಟ್ಟರು. ಅವನಿಗೆ ಹೇಳಬೇಕೆಂದು ಮಕಬೂಲಸಾಬರು ವರ್ಷವಿಡೀ ನೆನೆದರು, ವರ್ಷವಿಡೀ ಮುಂದೂಡಿದರು. ಅಷ್ಟರಲ್ಲಿ ಈ ಆಗಸ್ಟಿನಲ್ಲಿ ಆಕೆ ಹೋದಳು.

ನಲವತ್ತನೆಯ ದಿನದ ಫಾತಿಹಾಕ್ಕೆ ಬಂದವರಲ್ಲೆಲ್ಲ, ತೀರಿದವಳ ಪರವಾಗಿ, ಆಕೆಯಿಂದ ಮಾತಿನಲ್ಲಿ ನಡತೆಯಲ್ಲಿ ತಪ್ಪಾಗಿದ್ದರೆ ಮಾಫಿ ಮಾಡಿರೆಂದು ಕೇಳುವುದು ಪದ್ಧತಿ. ಮಕಬೂಲಸಾಬರು ಒಬ್ಬೊಬ್ಬರ ಕೈ ಹಿಡಿದು ಕೇಳುತ್ತ ಬಂದರು. ಕೊನೆಯಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಶಿವಯೋಗೀಶ ಕುಳಿತಿದ್ದ. ಅವನ ಕೈ ಹಿಡಿದವರಿಗೆ ರೂಢಿಯ ಮಾತು ಬರಲಿಲ್ಲ.

"ಆಕಿ ಪರವಾಗಿ ನಿನ್ನ ಕೇಳೂದು ಏನೂ ಇಲ್ಲಪಾ. ನನ್ನ ಪರವಾಗಿ ಕೇಳಬೇಕು," ಎಂದು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಚಾಕುವಿನಿಂದ ಹಿಡಿದು ನೀರಿನವರೆಗೆ ಎಲ್ಲ ಹೇಳಿದರು.

ಶಿವಯೋಗೀಶ ತಲೆ ತಗ್ಗಿಸಿ ಕೇಳಿದ. "ನನಗ ಗೊತ್ತಿತ್ತರಿ ಕಾಕಾ," ಎಂದ.

"ಯಾವಾಗಿಂದ?"

"ಬ್ಯಾಟು ಹಿಡದು ನಿಂತ ಕೂಡ್ಲೆ ಗೊತ್ತಾತು. ಹದಿನೈದು ವರ್ಷ ಅದರ ಮ್ಯಾಲೆ ನಿಂತೇನಿ. ಕಾಲಿಗೆ ಮೆತ್ತಗ ಹತ್ತಿತು. ನೀವು ಚೆಂಡು ತಂದು ಕೊಟ್ರಿ, ನಾ ತಗೊಂಡೆ. ಬ್ಯಾಡ ಅನ್ನಲಿಲ್ಲ."

ಒಂದು ವರ್ಷ ಇಬ್ಬರೂ ಒಂದೇ ಸುಳ್ಳನ್ನು ಬೇರೆ ಬೇರೆ ಊರಲ್ಲಿ ಹೊತ್ತಿದ್ದರು. ಮಕಬೂಲಸಾಬರಿಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಶಿವಯೋಗೀಶನ ಮಾತು ಮುಗಿದಿರಲಿಲ್ಲ. ಆಸ್ಟ್ರೇಲಿಯಾದ ಪ್ರವಾಸಕ್ಕೆ ತಂಡ ಆರಿಸುತ್ತಿದ್ದಾರೆ. ಶಶಿಕುಮಾರರಿಗೆ ಇನ್ನೂ ತನ್ನ ಮೇಲೆ ನಂಬಿಕೆಯಿದೆ. ಅವತ್ತು ಕಂಡ ಬೌಲಿಂಗನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿ ತೀರ್ಮಾನಿಸುತ್ತೇನೆಂದು ಗುರುವಾರ ಬರುತ್ತಾರೆ ಎಂದು ತಿಳಿಸಿದ. ತನಗೆ ಮೂವತ್ತೊಂದು ನಡೆಯುತ್ತಿದೆ, ಇದು ತಪ್ಪಿದರೆ ಮುಗಿಯಿತು ಎಂದೂ ಹೇಳಿದ.

"ಅವತ್ತಿನಂಗ ಮ್ಯಾಟ್ ಹಾಸಿ ಕೊಡ್ರಿ. ಇಮಾನ ಹತ್ತಿದ ಮ್ಯಾಲೆ ನನ್ನ ಬ್ಯಾಟು ನಾ ನೋಡ್ಕೋತೇನಿ."

"ಅದು ಆಕಿ ಹೊಲಿಗಿ, ಶಿವಯೋಗಿ."

"ಹೊಲಿಗಿ ಮತ್ತ ಹೊಲಿಸಿದ್ರಾತರಿ."

"ಯಾರ ಕಡೆ ಹೊಲಿಸಲಿ?"

ಶಿವಯೋಗೀಶ ನೆಲ ನೋಡಿದ. ಆಡಬಾರದ್ದನ್ನು ಆಡಿದೆನೆಂದು ಅವನಿಗೂ ತಿಳಿಯಿತು. ಆದರೂ ಹೋಗುವಾಗ ಗುರುವಾರ ಎಂಟಕ್ಕೆ ಬರುತ್ತೇನೆಂದು ಹೇಳಿಯೇ ಹೋದ.

ಮೂರು ದಿನ ಮಕಬೂಲಸಾಬರು ನಮಾಜಿನ ಹಾಸಿನ ಮೇಲೆ ಹೆಚ್ಚು ಹೊತ್ತು ಕುಳಿತರು. ಒಮ್ಮೆ ಆ ಮಡಿಕೆ ಬಿಚ್ಚಿದರೆ ಹುಡುಗ ಹೋಗುತ್ತಾನೆ. ಅಲ್ಲಿ ಮತ್ತೆ ನೂರ ಇಪ್ಪತ್ತು ಕೊಡುತ್ತಾನೆ. ಮತ್ತೆ ಮಂದಿ ನಗುತ್ತಾರೆ. ಬಿಚ್ಚದಿದ್ದರೆ ಅವನು ಹೋಗುವುದೇ ಇಲ್ಲ. ಮೂರನೆಯ ದಾರಿಯೊಂದಿದೆ ಎಂದು ಅವರಿಗೆ ಬುಧವಾರ ಸಂಜೆ ತೋಚಿತು. ಶಶಿಕುಮಾರರಿಗೆ ಸತ್ಯವನ್ನೇ ಹೇಳಿ, ಬ್ಯಾಟ್ಸ್‌ಮನ್ ಎಂದೇ ಅವನನ್ನು ಕರೆದೊಯ್ಯಿರೆಂದು ಬೇಡಿಕೊಳ್ಳುವುದು. ಬೇಗಂ ಇದ್ದಿದ್ದರೆ ಇದನ್ನೇ ಹೇಳುತ್ತಿದ್ದಳು ಎಂದು ಅವರಿಗೆ ಖಾತ್ರಿಯಾಯಿತು.

ಗುರುವಾರ ಬೆಳಗ್ಗೆ ಒಂದೊಂದು ಗೂಟವನ್ನೂ ತಲೆ ಕಾಣದಷ್ಟು ಬಡಿದರು. ಶಿವಯೋಗೀಶ ಬಂದು ಬೂಟಿನ ತುದಿಯಿಂದ ಮ್ಯಾಟನ್ನು ಒತ್ತಿ ನೋಡಿದ. ಬಗ್ಗಲಿಲ್ಲ. ಅವನು ಮಕಬೂಲಸಾಬರ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಅಂಗಡಿ ಮುಚ್ಚಿದ್ದನ್ನು ಕಂಡವನ ನೋಟ ಅದು. ಅಷ್ಟರಲ್ಲಿ ಶಶಿಕುಮಾರರ ಕಾರು ಬಂತು.

ಮಕಬೂಲಸಾಬರು ಅವರನ್ನು ಕುಳಿತುಕೊಳ್ಳಲು ಬಿಡಲಿಲ್ಲ. ಶಿವಯೋಗೀಶ ಪಕ್ಕದಲ್ಲಿರುವಂತೆಯೇ, ಆ ದಿನ ತಾವು ಮಾಡಿದ್ದನ್ನು ಹೇಳಿದರು. ತುದಿಯ ಮಡಿಕೆಯಲ್ಲಿದ್ದ ಹಳೆಯ ಕೊಯ್ತದ ಗುರುತನ್ನೂ ತೋರಿಸಿದರು. "ತಪ್ಪು ನಂದರಿ, ಹುಡುಗಂದಲ್ಲ. ಅವ ಬೌಲರಲ್ಲ. ಅವನಂಥ ಬ್ಯಾಟ್ಸ್‌ಮನ್ ನಿಮಗ ಸಿಗೂದಿಲ್ಲ. ಬರೇ ಅದಕ್ಕಂತ ಒಯ್ಯಿರಿ," ಎಂದು ಕೈ ಮುಗಿದರು.

ಶಶಿಕುಮಾರ ಸಭ್ಯರು. ಧ್ವನಿ ಏರಿಸಲಿಲ್ಲ. ಆಸ್ಟ್ರೇಲಿಯಾದಲ್ಲಿ ಐವರು ಬೌಲರಿಲ್ಲದೆ ನಡೆಯುವುದಿಲ್ಲ, ಏಳನೆಯವನು ದಿನಕ್ಕೆ ಹದಿನೈದು ಓವರು ಹಾಕಲೇಬೇಕು, ಬ್ಯಾಟ್ಸ್‌ಮನ್ನರ ಆರು ಹೆಸರು ಆಗಿಹೋಗಿವೆ ಎಂದು ವಿವರಿಸಿದರು. ಆಮೇಲೆ, ಹೇಳಲೋ ಬೇಡವೋ ಎಂಬಂತೆ ತಡೆದು, ಹೇಳಿದರು:

"ಸಾಹೇಬರೇ, ಹೋದ ವರ್ಷ ನಾನು ಇಲ್ಲಿಗೆ ಬಂದದ್ದು ಆಲ್‌ರೌಂಡರನ್ನ ಹುಡುಕಿಕೊಂಡಲ್ಲ. ಮೂರನೇ ಜಾಗ ಖಾಲಿಯಿತ್ತು. ಅದಕ್ಕೆ ಇವನ ಹೆಸರು ಬರೆದಾಗಿತ್ತು. ನೀವು ಚೆಂಡು ಕೊಟ್ಟಿರಿ. ಅದನ್ನ ನೋಡಿ ಮೂರರಲ್ಲಿದ್ದ ಹೆಸರು ಹೊಡೆದು ಹಾಕಿ, ಏಳಕ್ಕೆ ಬರೆದೆ. ಮೂರಕ್ಕೆ ಬೇರೆಯವನು ಬಂದ. ಅವನು ಈಗ ಭದ್ರವಾಗಿ ಕೂತಿದ್ದಾನೆ."

ಕಟ್ಟೆಯ ಮೇಲಿದ್ದ ಗಿರಿಯಪ್ಪ ಎದ್ದು, ಏನೋ ಕೆಲಸವಿದ್ದವನ ಹಾಗೆ ಕೋಣೆಯ ಒಳಗೆ ಹೋದ. ಶಶಿಕುಮಾರ ಶಿವಯೋಗೀಶನ ಭುಜ ತಟ್ಟಿ, ರಾಜ್ಯದ ತಂಡದ ಆಟ ಮುಂದುವರಿಸು ಎಂದು ಹೇಳಿ ಕಾರು ಹತ್ತಿದರು. ಒಂದು ಚೆಂಡನ್ನೂ ನೋಡಲಿಲ್ಲ.

ಮೈದಾನದಲ್ಲಿ ಇಬ್ಬರೇ ಉಳಿದರು. ಮಕಬೂಲಸಾಬರಿಗೆ ಹುಡುಗ ಬೈದರೆ ಸಾಕೆನಿಸಿತ್ತು. ಅವನು ಬಯ್ಯಲಿಲ್ಲ.

"ಸುಳ್ಳು ಮಾಡೂ ಮುಂದ ನನ್ನ ಕೇಳಲಿಲ್ಲ, ಅದನ್ನ ಬಿಚ್ಚಿ ಹೇಳೂ ಮುಂದನೂ ನನ್ನ ಕೇಳಲಿಲ್ಲ," ಎಂದ. "ನಿಮ್ಮ ಕೈ ನೀವು ತೊಳಕೊಂಡ್ರಿ ಕಾಕಾ. ಛಲೋ ಆತು. ಕೊಳಿ ನೀರು ಯಾರ ಮ್ಯಾಲೆ ಬಿತ್ತು, ಅದನ್ನ ನೋಡಲಿಲ್ಲ."

ಹದಿನಾರು ವರ್ಷದಲ್ಲಿ ಅವನು ಅವರ ಕಾಲು ಮುಟ್ಟದೆ ಆ ಮೈದಾನ ಬಿಟ್ಟವನಲ್ಲ. ಅವತ್ತೂ ಬಗ್ಗಿದ. ಕೈಯಲ್ಲಿದ್ದ ಚೆಂಡನ್ನು ಮ್ಯಾಟಿನ ಮೇಲಿಟ್ಟು, ನೆಟ್ಟಗಾಗಿ, ಹೊರಟುಹೋದ.

ಮಧ್ಯಾಹ್ನದ ಬಾಂಗು ಕೇಳಿಸಿದಾಗ ಮಕಬೂಲಸಾಬರು ನಲ್ಲಿಯ ಮುಂದೆ ಕುಳಿತು ವಜೂ ಮಾಡಿದರು. ಮೂರು ಸಲ ಕೈ ತೊಳೆಯುವಲ್ಲಿ ಎರಡಕ್ಕೇ ನಿಂತರು. ಲೆಕ್ಕ ತಪ್ಪಿತೆಂದು ಮೊದಲಿಂದ ತೊಳೆದರು. ನಮಾಜು ಮುಗಿಸಿ ದುವಾಕ್ಕೆ ಕೈ ಎತ್ತಿದಾಗ ಬೇಗಂಳ ಹೆಸರಿನಲ್ಲಿ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಹುಡುಗನ ಹೆಸರಿನಲ್ಲಿ ಏನು ಕೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ. ಇದ್ದ ಒಂದು ಜಾಗವನ್ನು, ಆ ಮೂರನೆಯದನ್ನು, ದೇವರು ಹೋದ ವರ್ಷವೇ ಕೊಟ್ಟಿದ್ದ. ಅವರು ಕೈ ಇಳಿಸಿ ಎದ್ದು ಹೋಗಿ ಗೂಟಗಳನ್ನು ಕೀಳಲು ಕುಳಿತರು. ಬೆಳಗ್ಗೆ ಅಷ್ಟು ಬಿಗಿಯಾಗಿ ಬಡಿದಿದ್ದ ಗೂಟಗಳು ಒಂದೂ ಅಲುಗಲಿಲ್ಲ.